ಇಂಟರ್‌ನೆಟ್‌ಗೆ ಒಡೆಯರು ಯಾರು? ದೇಶದೇಶಕ್ಕೂ ಡೊಮೈನ್ ವಹಿಸಿಕೊಟ್ಟ ಜಾನ್ ಪೋಸ್ಟೆಲ್ ಕಥೆ

ಫ್ಯಾಮಿಲಿ ಗ್ರೂಪಿಗೆ ಒಂದು ಲಿಂಕ್ ಬರುತ್ತದೆ. ಅದರ ಕೊನೆಯಲ್ಲಿ ಡಾಟ್ ಇನ್ ಎಂದಿರುತ್ತದೆ. ಇದು ಭಾರತ ಸರ್ಕಾರದ್ದೇ, ಭಯ ಬೇಡ, ಒತ್ತಿ ಎಂದು ಕೆಳಗೆ ಯಾರೋ ಬರೆದಿರುತ್ತಾರೆ. ಅಮೆರಿಕದಲ್ಲಿ ಯಾರೋ ಒಂದು ಬಟನ್ ಒತ್ತಿದರೆ ನಮ್ಮ ದೇಶದ ಇಂಟರ್‌ನೆಟ್ ಪೂರ್ತಿ ನಿಂತುಹೋಗುತ್ತದೆ ಎನ್ನುವುದು ಇನ್ನೊಂದು ಫಾರ್ವರ್ಡ್. ಡಾಟ್ ಎಐ ಎಂಬುದು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಕಂಪನಿಗಳಿಗಾಗಿಯೇ ಮಾಡಿದ ವಿಳಾಸ ಎನ್ನುವುದು ಮೂರನೆಯದು.

ಮೂರೂ ತಪ್ಪು. ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇವೆ.

ಡಾಟ್ ಇನ್ ಹೆಸರನ್ನು ನಿಯಮ ಪಾಲಿಸಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಪಡೆಯಬಹುದು, ಅದಕ್ಕೆ ಸರ್ಕಾರವೇ ಆಗಬೇಕಿಲ್ಲ. ದೇಶದ ಇಂಟರ್‌ನೆಟ್ ನಿಲ್ಲಿಸುವ ಬಟನ್ ಎಂಬುದು ಎಲ್ಲಿಯೂ ಇಲ್ಲ. ಡಾಟ್ ಎಐ ಎಂಬುದು ಕೆರಿಬಿಯನ್ ಸಮುದ್ರದ ಆಂಗ್ವಿಲಾ ಎಂಬ ಪುಟ್ಟ ದ್ವೀಪದ ಗುರುತು.

ಹಾಗೆ ನೋಡಿದರೆ ನಾವೆಲ್ಲ ದಿನಾ ಬೇರೆ ಬೇರೆ ದೇಶಗಳ ಗುರುತನ್ನು ಒತ್ತುತ್ತಲೇ ಇದ್ದೇವೆ. ವಾಟ್ಸಾಪ್ ಚಾಟ್ ತೆರೆಯುವ ಚಿಕ್ಕ ಲಿಂಕ್ ಡಾಟ್ ಎಂಇ ಎಂದು ಮುಗಿಯುತ್ತದೆ, ಅದು ಯುರೋಪಿನ ಮಾಂಟೆನೆಗ್ರೊ ದೇಶದ್ದು. ಯೂಟ್ಯೂಬ್ ವೀಡಿಯೊ ಶೇರ್ ಮಾಡಿದಾಗ ಬರುವ ಚಿಕ್ಕ ಲಿಂಕಿನ ಕೊನೆಯ ಡಾಟ್ ಬಿಇ ಬೆಲ್ಜಿಯಂ ದೇಶದ್ದು. ಡಾಟ್ ಟಿವಿ ಪೆಸಿಫಿಕ್ ಸಾಗರದ ಟುವಾಲು ದೇಶದ್ದು.

ಈ ಎರಡಕ್ಷರದ ಗುರುತುಗಳನ್ನು ದೇಶಗಳಿಗೆ ಯಾರು ಕೊಟ್ಟರು? ಯಾವ ಅಧಿಕಾರದಿಂದ ಕೊಟ್ಟರು? ಉತ್ತರ ಹುಡುಕಿದರೆ ನಾವು ಬಂದು ನಿಲ್ಲುವುದು ಉದ್ದ ಗಡ್ಡ ಬಿಟ್ಟು, ಕಾಲಿಗೆ ಸ್ಯಾಂಡಲ್ ಹಾಕಿಕೊಂಡು ಓಡಾಡುತ್ತಿದ್ದ ಒಬ್ಬ ಸಂಶೋಧಕರ ಮುಂದೆ. ಅವರ ಹೆಸರು ಜಾನ್ ಪೋಸ್ಟೆಲ್.

ಪಟ್ಟಿ ಬರೆದಿಡುವ ಕೆಲಸ

ಜೊನಾಥನ್ ಬ್ರೂಸ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಇಂಟರ್‌ನೆಟ್ ಚರಿತ್ರೆಯಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯಲ್ಲಿ ಓದಿದವರು. ಮೂವರೂ ಜೊತೆಯಾದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು.

ಅವರು ವಿದ್ಯಾರ್ಥಿಯಾಗಿದ್ದಾಗಲೇ ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಅರ್ಪಾನೆಟ್ ಎಂಬ ಜಾಲ ತಯಾರಾಗುತ್ತಿತ್ತು. ಇವತ್ತಿನ ಇಂಟರ್‌ನೆಟ್ ಬೆಳೆದದ್ದು ಅದೇ ಬೇರಿನಿಂದ. 1969ರ ಅಕ್ಟೋಬರ್ 29ರಂದು ಆ ಜಾಲದ ಮೊದಲ ಸಂದೇಶ ಹೊರಟದ್ದು ಪೋಸ್ಟೆಲ್ ಓದುತ್ತಿದ್ದ ಕ್ಯಾಂಪಸ್‌ನಿಂದ. ಲಾಗಿನ್ ಎಂದು ಟೈಪ್ ಮಾಡಲು ಹೊರಟಾಗ ಮೊದಲ ಎರಡು ಅಕ್ಷರ ಮಾತ್ರ ದಾಟಿ, ಆಚೆ ಕಡೆಯ ಕಂಪ್ಯೂಟರ್ ಕೈಕೊಟ್ಟಿತು.

ಆ ಹೊತ್ತಿಗೆ ಜಾಲ ಹೇಗಿರಬೇಕು ಎಂದು ಹೇಳುವ ಮೇಲಧಿಕಾರಿ ಯಾರೂ ಇರಲಿಲ್ಲ. ವಿದ್ಯಾರ್ಥಿಗಳೇ ತಮ್ಮ ಯೋಚನೆಗಳನ್ನು ಬರೆದು, ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಉಳಿದವರಿಗೆ ಕಳಿಸುತ್ತಿದ್ದರು. ಈ ಟಿಪ್ಪಣಿಗಳಿಗೆ ಆರ್‌ಎಫ್‌ಸಿ ಎಂದು ಹೆಸರು. ಮೊದಲನೆಯದನ್ನು 1969ರ ಏಪ್ರಿಲ್‌ನಲ್ಲಿ ಬರೆದವರು ಕ್ರಾಕರ್. ಅವನ್ನು ತಿದ್ದಿ, ನಂಬರ್ ಹಾಕಿ, ಜೋಡಿಸಿಡುವ ಕೆಲಸ ಪೋಸ್ಟೆಲ್ ಅವರ ಪಾಲಿಗೆ ಬಂತು. ಸಾಯುವವರೆಗೂ ಅವರು ಅದನ್ನು ಬಿಡಲಿಲ್ಲ. ಅಷ್ಟರಲ್ಲಿ ಆ ಟಿಪ್ಪಣಿಗಳ ಸಂಖ್ಯೆ 2400 ದಾಟಿತ್ತು. ನಿಮ್ಮ ಇಮೇಲ್ ಹೇಗೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗಬೇಕು ಎಂಬ 1982ರ ನಿಯಮವನ್ನು ಸ್ವತಃ ಪೋಸ್ಟೆಲ್ ಬರೆದರು.

ಇನ್ನೊಂದು ಕೆಲಸವೂ ಅವರನ್ನು ಹುಡುಕಿಕೊಂಡು ಬಂತು. ಜಾಲದಲ್ಲಿ ಪ್ರತಿಯೊಂದು ಸೇವೆಗೂ ಒಂದು ನಂಬರ್ ಬೇಕು. ಇಬ್ಬರು ಒಂದೇ ನಂಬರ್ ಬಳಸಿದರೆ ಗೊಂದಲ. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಸಣ್ಣ ಟಿಪ್ಪಣಿ ಬರೆದು, ನಂಬರ್ ಹಂಚುವುದಕ್ಕೆ ಯಾರಾದರೂ ಒಬ್ಬರು ಇರಲಿ ಎಂದು ಸೂಚಿಸಿದರು. ಆ ಒಬ್ಬರು ನಾನೇ ಆಗಬಹುದೇ ಎಂಬ ಪ್ರಶ್ನೆಯನ್ನೂ ಅದರಲ್ಲೇ ಇಟ್ಟರು. ಬೇರೆ ಯಾರೂ ಆ ಬೇಸರದ ಕೆಲಸಕ್ಕೆ ಮುಂದೆ ಬರಲಿಲ್ಲ. ಹೀಗೆ ಚುನಾವಣೆಯಿಲ್ಲದೆ, ಸರ್ಕಾರಿ ಆದೇಶವಿಲ್ಲದೆ, ಇಂಟರ್‌ನೆಟ್‌ನ ಲೆಕ್ಕದ ಪುಸ್ತಕ ಒಬ್ಬ ವಿದ್ಯಾರ್ಥಿಯ ಕೈಗೆ ಬಂತು.

1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿದರು. ಕೊನೆಯವರೆಗೂ ಅಲ್ಲೇ ಇದ್ದರು. ಈ ನಂಬರ್ ಹಂಚುವ ಕೆಲಸಕ್ಕೆ 1980ರ ದಶಕದ ಕೊನೆಯಲ್ಲಿ ಐಯಾನಾ ಎಂಬ ಹೆಸರು ಬಂತು. ಹೆಸರು ಕೇಳಿದರೆ ದೊಡ್ಡ ಸಂಸ್ಥೆ ಎನ್ನಿಸುತ್ತದೆ. ನಿಜದಲ್ಲಿ ಅದು ರಕ್ಷಣಾ ಇಲಾಖೆಯ ಸಂಶೋಧನಾ ಗುತ್ತಿಗೆಯೊಂದರ ಒಂದು ಭಾಗ ಮಾತ್ರ. ಐಯಾನಾ ಎಂದರೆ ಪೋಸ್ಟೆಲ್, ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಮತ್ತು ಬೆರಳೆಣಿಕೆಯ ಇನ್ನು ಕೆಲವರು.

ನಂಬರ್ ಇದ್ದರೂ ಹೆಸರು ಯಾಕೆ ಬೇಕಾಯಿತು?

ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ನಂಬರಿನಿಂದ. ಮನುಷ್ಯರಿಗೆ ನಂಬರ್ ನೆನಪಿರುವುದಿಲ್ಲ. ನಿಮ್ಮ ಮೊಬೈಲ್‌ನಲ್ಲಿ ಅಮ್ಮನ ನಂಬರ್ ಅಮ್ಮ ಎಂದೇ ಸೇವ್ ಆಗಿರುತ್ತದಲ್ಲ, ಹಾಗೆ. ಶುರುವಿನಲ್ಲಿ ಇಡೀ ಜಾಲಕ್ಕೆ ಸೇರಿ ಅಂಥ ಒಂದೇ ಕಾಂಟ್ಯಾಕ್ಟ್ ಪಟ್ಟಿ ಇತ್ತು. ಕ್ಯಾಲಿಫೋರ್ನಿಯಾದ ಇನ್ನೊಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದಾಗಲೆಲ್ಲ ಪಟ್ಟಿಯನ್ನು ತಿದ್ದಿ ಎಲ್ಲರೂ ಮತ್ತೆ ಇಳಿಸಿಕೊಳ್ಳಬೇಕಿತ್ತು.

ಜಾಲ ಬೆಳೆದಂತೆ ಇದು ಕೈಮೀರಿತು. ಪರಿಹಾರ ಹುಡುಕುವಂತೆ ಪೋಸ್ಟೆಲ್ ತಮ್ಮ ಸಂಸ್ಥೆಯ ಪಾಲ್ ಮೊಕಪೆಟ್ರಿಸ್ ಅವರಿಗೆ ಹೇಳಿದರು. ಮೊಕಪೆಟ್ರಿಸ್ 1983ರಲ್ಲಿ ಕೊಟ್ಟ ಉತ್ತರವೇ ಡೊಮೈನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್.

ಅದರ ಉಪಾಯ ಸರಳ. ಎಲ್ಲ ಹೆಸರೂ ಒಬ್ಬರ ಬಳಿ ಇರುವುದು ಬೇಡ. ಮೇಲೆ ಒಂದು ಚಿಕ್ಕ ಪಟ್ಟಿ ಇರಲಿ. ಅದರಲ್ಲಿ ಡಾಟ್ ಯುಕೆ ಯಾರ ಬಳಿ ಇದೆ, ಡಾಟ್ ಇನ್ ಯಾರ ಬಳಿ ಇದೆ ಎಂಬ ವಿವರ ಮಾತ್ರ ಸಾಕು. ಡಾಟ್ ಇನ್ ಒಳಗಿನ ಹೆಸರುಗಳ ಪಟ್ಟಿ ಆ ದೇಶದ ನಿರ್ವಾಹಕರ ಬಳಿಯೇ ಇರಲಿ. ಒಂದು ಪತ್ರ ಮೊದಲು ದೇಶಕ್ಕೆ, ಆಮೇಲೆ ಊರಿಗೆ, ಆಮೇಲೆ ಮನೆಗೆ ತಲುಪುವಂತೆ ಇದೂ ಬಲದಿಂದ ಎಡಕ್ಕೆ ಹಂತಹಂತವಾಗಿ ಹುಡುಕುತ್ತದೆ. ಮೇಲಿನ ಆ ಚಿಕ್ಕ ಪಟ್ಟಿಗೆ ರೂಟ್ ಎಂದು ಹೆಸರು. ಅದನ್ನು ಇಟ್ಟುಕೊಂಡಿರುವ ಕಂಪ್ಯೂಟರ್‌ಗಳೇ ರೂಟ್ ಸರ್ವರ್‌ಗಳು.

ಯಾವುದು ದೇಶ ಎಂದು ತೀರ್ಮಾನಿಸುವವರು ಯಾರು?

ಇಲ್ಲಿ ಒಂದು ಕಷ್ಟದ ಪ್ರಶ್ನೆ ಎದುರಾಯಿತು. ದೇಶಗಳಿಗೆ ಗುರುತು ಕೊಡಬೇಕು. ಆದರೆ ಯಾವುದು ದೇಶ, ಯಾವುದು ಅಲ್ಲ ಎಂಬ ಬಗ್ಗೆ ಜಗತ್ತಿನಲ್ಲಿ ಯುದ್ಧಗಳೇ ನಡೆದಿವೆ. ಒಬ್ಬ ಕಂಪ್ಯೂಟರ್ ಸಂಶೋಧಕ ಇದನ್ನು ಹೇಗೆ ತೀರ್ಮಾನಿಸಬೇಕು?

ಪೋಸ್ಟೆಲ್ ತೀರ್ಮಾನಿಸಲು ಹೋಗಲೇ ಇಲ್ಲ. 1984ರ ಅಕ್ಟೋಬರ್‌ನಲ್ಲಿ ಅವರು ಮತ್ತು ರೆನಾಲ್ಡ್ಸ್ ಸೇರಿ ಬರೆದ ಟಿಪ್ಪಣಿಯಲ್ಲಿ, ಅದಾಗಲೇ ಇದ್ದ ಒಂದು ಅಂತರರಾಷ್ಟ್ರೀಯ ಪಟ್ಟಿಯನ್ನು ಹಾಗೇ ಎತ್ತಿಕೊಂಡರು. ಐಎಸ್‌ಒ 3166 ಎಂಬ ಆ ಪಟ್ಟಿಯಲ್ಲಿ ದೇಶಗಳಿಗೂ ಪ್ರತ್ಯೇಕ ಭೂಭಾಗಗಳಿಗೂ ಎರಡಕ್ಷರದ ಗುರುತುಗಳಿವೆ. ಪಟ್ಟಿಯಲ್ಲಿದ್ದರೆ ಡೊಮೈನ್ ಉಂಟು, ಇಲ್ಲದಿದ್ದರೆ ಇಲ್ಲ. ಪೂರ್ಣ ದೇಶವಲ್ಲದ ಆಂಗ್ವಿಲಾಕ್ಕೂ ಡಾಟ್ ಎಐ ಸಿಕ್ಕಿದ್ದು ಇದೇ ಕಾರಣಕ್ಕೆ. ಆ ಎರಡಕ್ಷರಕ್ಕೆ ಮುಂದೊಂದು ದಿನ ಬೇರೆ ಅರ್ಥ ಬಂದು, ದ್ವೀಪಕ್ಕೆ ಅದರಿಂದ ಆದಾಯ ಹರಿದುಬರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

1985ರ ಫೆಬ್ರವರಿಯಲ್ಲಿ ಅಮೆರಿಕದ ಡಾಟ್ ಯುಎಸ್ ಮೊದಲು ಬಂತು. ಅದರ ನಿರ್ವಹಣೆ ಪೋಸ್ಟೆಲ್ ಅವರ ಸಂಸ್ಥೆಯಲ್ಲೇ ನಡೆಯಿತು. ಅದೇ ವರ್ಷ ಜುಲೈನಲ್ಲಿ ಬ್ರಿಟನ್ನಿನ ಡಾಟ್ ಯುಕೆ, ಅಕ್ಟೋಬರ್‌ನಲ್ಲಿ ಇಸ್ರೇಲಿನ ಡಾಟ್ ಐಎಲ್ ಸೇರಿದವು. ಪಟ್ಟಿಯ ಪ್ರಕಾರ ಬ್ರಿಟನ್ನಿನ ಗುರುತು ಜಿಬಿ. ಆದರೂ ಅಲ್ಲಿನವರು ಬಳಸಿ ರೂಢಿಯಾದ ಯುಕೆಯೇ ಉಳಿಯಿತು. ಸೋವಿಯತ್ ಒಕ್ಕೂಟಕ್ಕೆ 1990ರಲ್ಲಿ ಡಾಟ್ ಎಸ್‌ಯು ಸಿಕ್ಕಿತು. ಮರುವರ್ಷ ಒಕ್ಕೂಟವೇ ಒಡೆದುಹೋಯಿತು. ಡೊಮೈನ್ ಮಾತ್ರ ಮೂರು ದಶಕ ಕಳೆದರೂ ಬದುಕುಳಿಯಿತು.

ಭಾರತದ ಡಾಟ್ ಇನ್ ನೋಂದಣಿಯಾದದ್ದು 1989ರ ಮೇ 8ರಂದು. ಅದರ ಹೊಣೆ ಹೊತ್ತದ್ದು ಮುಂಬೈನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ಅಂದರೆ ಎನ್‌ಸಿಎಸ್‌ಟಿ. ಆ ಕಾಲಕ್ಕೆ ನಮ್ಮಲ್ಲಿ ಇಂಟರ್‌ನೆಟ್ ಎಂದರೆ ಶಿಕ್ಷಣ ಸಂಸ್ಥೆಗಳ ಎರ್ನೆಟ್ ಜಾಲ ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಎನ್‌ಸಿಎಸ್‌ಟಿ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಅದರ ಮೊದಲ ಎಂಟು ಪಾಲುದಾರರು. 2005ರಲ್ಲಿ ಡಾಟ್ ಇನ್ ಹೊಣೆ ನಿಕ್ಸಿ ಎಂಬ ಸಂಸ್ಥೆಗೆ ಬಂದು, ನೋಂದಣಿ ಸಾರ್ವಜನಿಕರಿಗೂ ತೆರೆದುಕೊಂಡಿತು. ಇವತ್ತು ಕನ್ನಡ ಲಿಪಿಯಲ್ಲೇ ಬರೆದ ಡಾಟ್ ಭಾರತ ಕೂಡ ರೂಟ್ ಪಟ್ಟಿಯಲ್ಲಿದೆ.

ಆಸ್ತಿಯಲ್ಲ, ಹೊಣೆ

ಒಂದು ದೇಶದ ಗುರುತನ್ನು ಪೋಸ್ಟೆಲ್ ಯಾರ ಕೈಗೆ ಕೊಡುತ್ತಿದ್ದರು? ಆರಂಭದ ವರ್ಷಗಳಲ್ಲಿ ಅದು ಬಹಳ ಸಲ ಸರ್ಕಾರದ ಕೈಗಲ್ಲ, ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವ, ಜಾಲ ಗೊತ್ತಿರುವ ಯಾರಾದರೊಬ್ಬರ ಕೈಗೆ. ದೊಡ್ಡ ಒಪ್ಪಂದವಿಲ್ಲ, ಠೇವಣಿಯಿಲ್ಲ, ಇಮೇಲ್ ಮೂಲಕವೇ ಮಾತುಕತೆ.

ಹೀಗೆ ನಡೆದುಬಂದ ರೂಢಿಯನ್ನು ಅವರು 1994ರ ಮಾರ್ಚ್‌ನಲ್ಲಿ ಬರಹಕ್ಕೆ ಇಳಿಸಿದರು. ಆರ್‌ಎಫ್‌ಸಿ 1591 ಎಂಬ ಆ ಟಿಪ್ಪಣಿ ಕೆಲವೇ ಪುಟಗಳದ್ದು. ಅದರ ಸಾರ ಹೀಗಿದೆ: ದೇಶದ ಡೊಮೈನ್ ನೋಡಿಕೊಳ್ಳುವವರು ಅದರ ಮಾಲೀಕರಲ್ಲ, ಟ್ರಸ್ಟಿಗಳು. ತಮ್ಮ ದೇಶದ ಜನರಿಗೂ ಜಗತ್ತಿನ ಇಂಟರ್‌ನೆಟ್ ಸಮುದಾಯಕ್ಕೂ ಅವರು ಉತ್ತರ ಹೇಳಬೇಕು. ಹೆಸರು ಕೇಳಿ ಬಂದವರಲ್ಲಿ ಭೇದ ಮಾಡಬಾರದು. ಆಡಳಿತದ ಹೊಣೆಗಾರರು ಆ ದೇಶದಲ್ಲೇ ಇರಬೇಕು. ಜಗಳ ಬಂದರೆ ಅವರವರೇ ಕೂತು ಬಗೆಹರಿಸಿಕೊಳ್ಳಬೇಕು. ಹಕ್ಕು ಮತ್ತು ಒಡೆತನದ ಮಾತು ಇಲ್ಲಿ ಸಲ್ಲದು, ಹೊಣೆ ಮತ್ತು ಸೇವೆಯ ಮಾತು ಆಡಬೇಕು. ಯಾವುದು ದೇಶ ಎಂದು ಹೇಳುವುದು ಐಯಾನಾ ಕೆಲಸವಲ್ಲ ಎಂಬುದನ್ನೂ ಪೋಸ್ಟೆಲ್ ಅದರಲ್ಲಿ ಸ್ಪಷ್ಟವಾಗಿ ಬರೆದರು.

ಊರಿನ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿಯ ಹಾಗೆ ಎಂದುಕೊಳ್ಳಿ. ನೀರು ಅವನದಲ್ಲ. ಆದರೆ ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂಬುದು ಅವನ ಕೈಯಲ್ಲಿದೆ. ಅವನು ನ್ಯಾಯವಾಗಿ ನಡೆದುಕೊಳ್ಳುವವರೆಗೂ ಊರು ಅವನನ್ನು ನಂಬುತ್ತದೆ. ಪೋಸ್ಟೆಲ್ ಕಟ್ಟಿದ ವ್ಯವಸ್ಥೆ ನಿಂತದ್ದು ಇಂಥ ನಂಬಿಕೆಯ ಮೇಲೆ. ಅವರ ಬಳಿ ಪೊಲೀಸರಿರಲಿಲ್ಲ, ಕಾನೂನಿನ ಬಲವೂ ಇರಲಿಲ್ಲ.

ನಂಬಿಕೆಗೆ ಒದಗಿದ ಪರೀಕ್ಷೆ: 1998ರ ಜನವರಿ 28

1990ರ ದಶಕದ ನಡುವಿಗೆ ಇಂಟರ್‌ನೆಟ್‌ಗೆ ದುಡ್ಡು ಬಂತು. ಡಾಟ್ ಕಾಮ್ ಹೆಸರುಗಳನ್ನು ಕೊಡುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಖಾಸಗಿ ಕಂಪನಿ, ಅಮೆರಿಕ ಸರ್ಕಾರದ ಒಪ್ಪಿಗೆಯೊಂದಿಗೆ 1995ರಿಂದ ವರ್ಷಕ್ಕೆ 50 ಡಾಲರ್ ಶುಲ್ಕ ಹಾಕಿತು. ರೂಟ್ ಪಟ್ಟಿಯ ಮೂಲ ಪ್ರತಿ ಇದ್ದದ್ದೂ ಅದೇ ಕಂಪನಿಯ ಸರ್ವರ್‌ನಲ್ಲಿ. ಪಟ್ಟಿಯಲ್ಲಿ ಏನಿರಬೇಕು ಎಂದು ಹೇಳುತ್ತಿದ್ದವರು ಪೋಸ್ಟೆಲ್. ಹಾಗಾದರೆ ಇದರ ಮೇಲಿನ ಅಂತಿಮ ಅಧಿಕಾರ ಯಾರದು? ಹೊಸ ವ್ಯವಸ್ಥೆ ಹೇಗಿರಬೇಕು ಎಂದು ಅಮೆರಿಕ ಸರ್ಕಾರ ತನ್ನ ಪ್ರಸ್ತಾವವನ್ನು ಪ್ರಕಟಿಸುವ ತಯಾರಿಯಲ್ಲಿತ್ತು.

ಅದು ಹೊರಬರುವ ಎರಡು ದಿನ ಮೊದಲು, 1998ರ ಜನವರಿ 28ರಂದು, ಪೋಸ್ಟೆಲ್ ಒಂದು ಇಮೇಲ್ ಕಳಿಸಿದರು. ಮೂಲ ಪ್ರತಿಯಿದ್ದ ಸರ್ವರ್ ಬಿಟ್ಟು ಉಳಿದ ಹನ್ನೆರಡು ರೂಟ್ ಸರ್ವರ್‌ಗಳಲ್ಲಿ ಎಂಟರ ನಿರ್ವಾಹಕರಿಗೆ ಅದು ಹೋಯಿತು. ಇನ್ನು ಮುಂದೆ ಆ ಕಂಪನಿಯ ಸರ್ವರ್‌ನಿಂದಲ್ಲ, ನಮ್ಮ ಐಯಾನಾ ಸರ್ವರ್‌ನಿಂದ ಪಟ್ಟಿ ತೆಗೆದುಕೊಳ್ಳಿ ಎಂಬುದು ಅದರ ಸಾರಾಂಶ. ಎಂಟೂ ಮಂದಿ ಹಾಗೇ ಮಾಡಿದರು.

ಎರಡೂ ಕಡೆ ಇದ್ದದ್ದು ಒಂದೇ ಪಟ್ಟಿ. ಹಾಗಾಗಿ ಇಂಟರ್‌ನೆಟ್ ಬಳಸುತ್ತಿದ್ದ ಯಾರಿಗೂ ಏನೂ ಗೊತ್ತಾಗಲಿಲ್ಲ. ಆದರೆ ವಾಷಿಂಗ್ಟನ್‌ಗೆ ಗೊತ್ತಾಯಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮಗಾಜಿನರ್ ಇದನ್ನು ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಪೋಸ್ಟೆಲ್ ಇದೊಂದು ಪರೀಕ್ಷೆಯಾಗಿತ್ತು ಎಂದು ವಿವರಣೆ ಕೊಟ್ಟು, ವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿದರು.

ಈ ಘಟನೆಯನ್ನು ಇಂದಿಗೂ ಎರಡು ರೀತಿ ಓದುತ್ತಾರೆ. ಒಂದು ಖಾಸಗಿ ಕಂಪನಿಯ ಹಿಡಿತದಿಂದ ಜಾಲವನ್ನು ಬಿಡಿಸಲು ಸಾಧ್ಯವಿದೆ ಎಂದು ಅವರು ತೋರಿಸಿಕೊಟ್ಟರು ಎನ್ನುವವರಿದ್ದಾರೆ. ಯಾರೂ ಕೊಡದ ಅಧಿಕಾರವನ್ನು ಒಬ್ಬರೇ ಚಲಾಯಿಸಿದ್ದು ತಪ್ಪು ಎನ್ನುವವರೂ ಇದ್ದಾರೆ. ನಮಗೆ ಕಾಣುವ ಮುಖ್ಯ ಸಂಗತಿ ಬೇರೆ. ಎಂಟು ನಿರ್ವಾಹಕರು ಕೇವಲ ಒಂದು ಇಮೇಲ್‌ಗೆ ಒಪ್ಪಿದ್ದು ಅದು ಪೋಸ್ಟೆಲ್ ಕಳಿಸಿದ್ದು ಎಂಬ ಕಾರಣಕ್ಕೆ. ಇಪ್ಪತ್ತೈದು ವರ್ಷ ಸಂಪಾದಿಸಿದ ನಂಬಿಕೆಯ ಬಲ ಅದು. ಅದೇ ಅದರ ಅಪಾಯವೂ ಹೌದು. ಆ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ? ಕೋಟಿಗಟ್ಟಲೆ ಜನ ಬಳಸುವ ವ್ಯವಸ್ಥೆ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಮಾತ್ರ ನಿಲ್ಲಬಾರದು ಎಂಬುದು ಪೋಸ್ಟೆಲ್ ಅವರಿಗೂ ಗೊತ್ತಿತ್ತು. ಆ ವರ್ಷವಿಡೀ ಅವರು ದುಡಿದದ್ದು ತಮ್ಮ ಕೆಲಸವನ್ನು ಒಂದು ಲಾಭರಹಿತ ಸಂಸ್ಥೆಗೆ ದಾಟಿಸಲು.

ಆ ಸಂಸ್ಥೆ, ಐಕ್ಯಾನ್, 1998ರ ಸೆಪ್ಟೆಂಬರ್‌ನಲ್ಲಿ ಹುಟ್ಟಿತು. ಅದರ ಕೆಲಸ ಕಣ್ಣಾರೆ ನೋಡಲು ಪೋಸ್ಟೆಲ್ ಉಳಿಯಲಿಲ್ಲ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳಿಂದ 1998ರ ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಅದೇ ಹೈಸ್ಕೂಲಿನಲ್ಲಿ ಓದಿದ್ದ ವಿಂಟ್ ಸರ್ಫ್ ಅವರ ನೆನಪಿಗೆ ಒಂದು ಬರಹ ಬರೆದರು. ಅದು ಪ್ರಕಟವಾದದ್ದು ಪೋಸ್ಟೆಲ್ ಜೀವಮಾನವಿಡೀ ಜೋಡಿಸಿಟ್ಟ ಅದೇ ಸಾಲಿನಲ್ಲಿ, ಆರ್‌ಎಫ್‌ಸಿ 2468 ಆಗಿ.

ಆಮೇಲೆ ಅವರ ನಿಯಮ ನಿಂತಿತೇ?

ನಿಂತಿತು. 1999ರಲ್ಲಿ ಐಎಸ್‌ಒ ಪಟ್ಟಿಗೆ ಪ್ಯಾಲೆಸ್ತೀನ್ ಗುರುತು ಸೇರಿತು, 2000ದಲ್ಲಿ ಡಾಟ್ ಪಿಎಸ್ ಬಂತು. ಐಕ್ಯಾನ್ ಅದರ ರಾಜಕೀಯ ತೀರ್ಮಾನಿಸಲು ಹೋಗಲಿಲ್ಲ, ಪಟ್ಟಿ ನೋಡಿತು ಅಷ್ಟೇ. ಯುಗೊಸ್ಲಾವಿಯ ದೇಶವೇ ಇಲ್ಲವಾದ ಮೇಲೆ ಡಾಟ್ ವೈಯು 2010ರಲ್ಲಿ ಅಳಿಸಿಹೋಯಿತು. 2016ರ ಅಕ್ಟೋಬರ್ 1ರಿಂದ ಈ ಕೆಲಸದ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಗುತ್ತಿಗೆಯ ಹಿಡಿತವೂ ಕೊನೆಗೊಂಡಿತು.

ಬಟನ್ ಫಾರ್ವರ್ಡ್‌ಗೆ ನಿಜವಾದ ಉತ್ತರ ಸಿಕ್ಕಿದ್ದು 2022ರಲ್ಲಿ. ರಷ್ಯಾ ದಾಳಿ ಮಾಡಿದಾಗ, ಡಾಟ್ ಆರ್‌ಯು ತೆಗೆದುಹಾಕಿ ಎಂದು ಉಕ್ರೇನ್ ಸರ್ಕಾರ ಐಕ್ಯಾನ್‌ಗೆ ಪತ್ರ ಬರೆಯಿತು. ಐಕ್ಯಾನ್ ಒಪ್ಪಲಿಲ್ಲ. ದೇಶಗಳನ್ನು ಶಿಕ್ಷಿಸುವುದು ತನ್ನ ಕೆಲಸವಲ್ಲ ಎಂಬುದು ಅದರ ನಿಲುವು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅಲ್ಲದೆ ಒಂದು ದೇಶದ ಡೊಮೈನ್ ಹೋದರೆ ಆ ಹೆಸರುಗಳು ಸಿಗುವುದಿಲ್ಲ ಎಂದಷ್ಟೇ ಅರ್ಥ. ಆ ದೇಶದ ಕೇಬಲ್, ಟವರ್, ಮೊಬೈಲ್ ಜಾಲ ನಿಲ್ಲುವುದಿಲ್ಲ. ಅವನ್ನು ನಿಲ್ಲಿಸುವ ಶಕ್ತಿ ಇರುವುದು ಆಯಾ ದೇಶದ ಸರ್ಕಾರ ಮತ್ತು ಟೆಲಿಕಾಂ ಕಂಪನಿಗಳಿಗೆ. ಹಾಗಾಗಿಯೇ ಎಲ್ಲಾದರೂ ಇಂಟರ್‌ನೆಟ್ ಬಂದ್ ಆದಾಗ ಆದೇಶ ಸ್ಥಳೀಯವಾಗಿಯೇ ಹೊರಟಿರುತ್ತದೆ.

ಹಾಗಾದರೆ ಲಿಂಕ್ ಬಂದಾಗ ಏನು ನೋಡಬೇಕು?

ಕೊನೆಯ ಎರಡಕ್ಷರ ಹೇಳುವುದು ಆ ಹೆಸರು ಯಾವ ದೇಶದ ಟ್ರಸ್ಟಿಯ ಪಟ್ಟಿಯಲ್ಲಿದೆ ಎಂದು ಮಾತ್ರ. ಒಳಗಿರುವ ಮಾತು ನಿಜ ಎಂದು ಅದು ಎಂದೂ ಹೇಳುವುದಿಲ್ಲ. ಇವಿಷ್ಟನ್ನು ನೆನಪಿಡಿ.

ಲಿಂಕನ್ನು ಬಲದಿಂದ ಓದಿ. ಶುರುವಿನ ಜೋಡಿ ಓರೆಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ ಎಡಕ್ಕೆ ಏನಿದೆ ನೋಡಿ. ಅದೇ ನಿಜವಾದ ವಿಳಾಸದ ಕೊನೆ. ಜಿಒವಿ ಡಾಟ್ ಇನ್ ಎಂಬುದು ಮಧ್ಯದಲ್ಲಿದ್ದು, ಆಮೇಲೆ ಇನ್ನೊಂದು ಡಾಟ್ ಮತ್ತು ಬೇರೆ ಹೆಸರು ಇದ್ದರೆ ಅದು ಸರ್ಕಾರದ್ದಲ್ಲ. ಡಾಟ್ ಬದಲು ಅಡ್ಡಗೆರೆ ಹಾಕಿ ಜಿಒವಿ-ಇನ್ ಎಂದಿದ್ದರೂ ಅಲ್ಲ.

ಡಾಟ್ ಜಿಒವಿ ಡಾಟ್ ಇನ್ ಎಂದೇ ಮುಗಿಯುವ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲು. ಕರ್ನಾಟಕ ಸರ್ಕಾರದ ಅಧಿಕೃತ ತಾಣವೂ ಹೀಗೇ ಮುಗಿಯುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಪರಿಶೀಲಿಸಿದ ಬ್ಯಾಂಕಿಗಲ್ಲದೆ ಬೇರೆಯವರಿಗೆ ಆ ಹೆಸರು ಸಿಗುವುದಿಲ್ಲ. ಬರೀ ಡಾಟ್ ಇನ್ ಕಂಡು ಪಾಸ್‌ವರ್ಡ್, ಒಟಿಪಿ ಕೊಡಬೇಡಿ.

ಬಹಳ ಚಿಕ್ಕದಾಗಿ ಕತ್ತರಿಸಿದ ಲಿಂಕುಗಳಲ್ಲಿ ನಿಜವಾದ ವಿಳಾಸ ಮರೆಯಾಗಿರುತ್ತದೆ. ಕಳಿಸಿದವರು ಗೊತ್ತಿದ್ದವರೇ ಆದರೂ, ಇದು ನಿಮಗೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿ. ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.